ಸ್ಪ್ಯಾಮ್ ಕಳ್ಸೋರಿಗೆ ತಿರುಗಿ ಹೊಡೀಬೋದಾ? ತೀರ್ಥಹಳ್ಳಿ ಕಡೆಯಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾವು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ದಾರೀಲಿ ಒಂದು ಸಣ್ಣ ಹೋಂಸ್ಟೇ ನಡೆಸ್ತಿದೀವಿ. ನಮ್ದೇ ವೆಬ್‌ಸೈಟ್ ಇದೆ, ಅದೇ ಹೆಸ್ರಲ್ಲಿ ಇಮೇಲೂ ಇದೆ. ಒಂದು ವರ್ಷದಿಂದ ದಿನಕ್ಕೆ ನೂರಿನ್ನೂರು ಸ್ಪ್ಯಾಮ್ ಬರ್ತಿದೆ, ಲೋನ್ ಅಂತೆ, ಔಷಧಿ ಅಂತೆ, ನಿಮ್ಮ ವೆಬ್‌ಸೈಟನ್ನ ಗೂಗಲ್‌ನಲ್ಲಿ ಮೇಲೆ ತರ್ತೀವಿ ಅಂತೆ. ಇದ್ರ ಮಧ್ಯೆ ನಿಜವಾದ ಬುಕಿಂಗ್ ಮೇಲ್ ಕಣ್ಣಿಗೆ ಬೀಳ್ದೆ ಎರಡು ಸಲ ಗೆಸ್ಟ್ ಕೈತಪ್ಪಿ ಹೋದ್ರು. ಸಿಟ್ಟು ಬಂದು ಬೈದು ರಿಪ್ಲೈ ಮಾಡ್ದೆ, ಇನ್ನೂ ಜಾಸ್ತಿ ಆಯ್ತು. ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿರೋ ನಮ್ಮ ಭಾವನ ಮಗ, ಚಿಕ್ಕಮ್ಮ ನಾನೊಂದು ಸ್ಕ್ರಿಪ್ಟ್ ಬರ್ದು ಕೊಡ್ತೀನಿ, ಅವ್ರು ಒಂದು ಕಳ್ಸಿದ್ರೆ ನಾವು ಸಾವಿರ ಕಳ್ಸೋಣ ಅಂತಿದಾನೆ. ಹೋದ ವಾರದಿಂದ ಇನ್ನೊಂದು ಶುರುವಾಗಿದೆ, ನಾನು ಕಳ್ಸೇ ಇಲ್ದಿರೋ ಮೇಲ್‌ಗಳು "ತಲುಪಲಿಲ್ಲ" ಅಂತ ನಂಗೆ ವಾಪಸ್ ಬರ್ತಿವೆ. ತಿರುಗಿ ಹೊಡೀಬೋದಾ ಸರ್? ಅದ್ರಲ್ಲಿ ಅಪಾಯ ಏನಾದ್ರೂ ಇದ್ಯಾ?

ಉತ್ತರ: ಅಕ್ಕ, ಮೊದ್ಲು ಆ ಹುಡುಗನಿಗೆ ಫೋನ್ ಮಾಡಿ ಸ್ಕ್ರಿಪ್ಟ್ ಬರೆಯೋದನ್ನ ಅಲ್ಲಿಗೇ ನಿಲ್ಸು ಅಂತ ಹೇಳಿ, ಆಮೇಲೆ ಮುಂದೆ ಓದಿ. ಅವನ ಸಿಟ್ಟು ತಪ್ಪು ಅಂತ ನಾನು ಹೇಳಲ್ಲ, ಎರಡು ಬುಕಿಂಗ್ ಹೋಯ್ತು ಅಂದ್ರೆ ಸೀಸನ್‌ನಲ್ಲಿ ಅದೇನು ಸಣ್ಣ ದುಡ್ಡಲ್ಲ. ಆದ್ರೆ ಆ ಸಾವಿರ ಮೇಲ್ ಹೋಗಿ ಬೀಳೋದು ನಿಮಗೆ ಸ್ಪ್ಯಾಮ್ ಕಳ್ಸಿದವನ ತಲೆ ಮೇಲಲ್ಲ.

ಯಾಕೆ ಅಂತ ಹೇಳ್ತೀನಿ. ಇನ್‌ಲ್ಯಾಂಡ್ ಲೆಟರ್ ನೆನಪಿದ್ಯಲ್ಲ, ಅದ್ರ ಹಿಂದೆ "ಇಂದ" ಅನ್ನೋ ಜಾಗದಲ್ಲಿ ನಾನು ನಿಮ್ಮ ಹೆಸ್ರೂ ವಿಳಾಸನೂ ಬರ್ದು ಡಬ್ಬಿಗೆ ಹಾಕಿದ್ರೆ ಪೋಸ್ಟ್‌ಮ್ಯಾನ್ ಕೇಳ್ತಿದ್ನಾ? ಇಮೇಲೂ ಹುಟ್ಟಿದ್ದು ಹಾಗೇನೇ. ಎಸ್‌ಎಂಟಿಪಿ ಅಂತ ಮೇಲ್ ಸಾಗಿಸೋ ನಿಯಮ 1982ರಲ್ಲಿ ಬಂತು, ಆಗ ನೆಟ್‌ವರ್ಕಲ್ಲಿ ಇದ್ದೋರೆಲ್ಲ ಹೆಚ್ಚುಕಮ್ಮಿ ಒಬ್ರಿಗೊಬ್ರು ಗೊತ್ತಿದ್ದ ಯೂನಿವರ್ಸಿಟಿ, ಸಂಶೋಧನೆ ಜನ, ಹಂಗಾಗಿ ಕಳ್ಸಿದವನು ನಿಜವಾಗ್ಲೂ ಅವನೇನಾ ಅಂತ ನೋಡೋ ವ್ಯವಸ್ಥೆನೇ ಅದ್ರಲ್ಲಿ ಇಡ್ಲಿಲ್ಲ. ಸ್ಪ್ಯಾಮ್ ಕಳ್ಸೋನು ಈಗ್ಲೂ ಅದನ್ನೇ ಬಳಸ್ಕೊಳ್ತಾನೆ, "ಫ್ರಮ್" ಅಂತ ಕಾಣೋ ಕಡೆ ಯಾರ್ದೋ ವಿಳಾಸ ಹಾಕ್ತಾನೆ. ಕಳ್ಸೋ ಮೆಷಿನ್ನೂ ಅವನದ್ದಲ್ಲ, ವೈರಸ್ ಹೊಕ್ಕಿರೋ ಯಾರ್ದೋ ಮನೆ ಕಂಪ್ಯೂಟರು, ಪಾಸ್‌ವರ್ಡ್ ಕದ್ದಿರೋ ಯಾವ್ದೋ ಶಾಲೆಯ ಮೇಲ್ ಅಕೌಂಟು, ಅಪ್‌ಡೇಟ್ ಮಾಡ್ದೆ ಬಿಟ್ಟಿರೋ ಯಾವ್ದೋ ಅಂಗಡಿ ವೆಬ್‌ಸೈಟು, ಹಿಂಗಿರುತ್ತೆ.

ನಿಮ್ಮ ಕೊನೇ ಮಾತಿಗೆ ಉತ್ತರನೂ ಇಲ್ಲೇ ಇದೆ ನೋಡಿ. ಕಳ್ಸದೇ ಇರೋ ಮೇಲ್ ವಾಪಸ್ ಬರ್ತಿದೆ ಅಂದ್ರಲ್ಲ, ಅದಕ್ಕೆ ಬ್ಯಾಕ್‌ಸ್ಕ್ಯಾಟರ್ ಅಂತಾರೆ. ಹೋದ ವಾರದಿಂದ ಯಾವನೋ ಒಬ್ಬ ನಿಮ್ಮ ಹೋಂಸ್ಟೇ ವಿಳಾಸನ "ಇಂದ" ಜಾಗದಲ್ಲಿ ಬರ್ದು ಊರಿಗೆಲ್ಲ ಸ್ಪ್ಯಾಮ್ ಹಂಚಿದಾನೆ, ತಲುಪದೇ ಇದ್ದಿದ್ದೆಲ್ಲ ನಿಮ್ಮನೆ ಬಾಗಿಲಿಗೆ ಬರ್ತಿದೆ. ಈಗ ಯೋಚ್ನೆ ಮಾಡಿ, ಆ ಸ್ಪ್ಯಾಮ್ ಸಿಕ್ಕಿದವರ ಮನೇಲೂ ನಿಮ್ಮ ಭಾವನ ಮಗನಂಥ ಒಬ್ಬ ಚುರುಕು ಹುಡುಗ ಇದ್ದು, ಅವನೂ ಒಂದಕ್ಕೆ ಸಾವಿರ ಅಂತ ಸ್ಕ್ರಿಪ್ಟ್ ಬಿಟ್ರೆ ಅದು ಬಂದು ಬೀಳೋದು ಯಾರ ಇನ್‌ಬಾಕ್ಸಿಗೆ? ನಿಮ್ದಕ್ಕೇನೇ.

ನಮ್ಮ ಕಡೆ ಹಂದಿ ಕಾಟಕ್ಕೆ ಬೇಲಿಗೆ ಕರೆಂಟ್ ಕೊಡ್ತಾರಲ್ಲ ಕೆಲವರು, ಹಂದಿ ಆ ರಾತ್ರಿ ಬೇರೆ ದಾರಿ ಹಿಡಿಯುತ್ತೆ, ಬೆಳಗ್ಗೆ ನೋಡಿದ್ರೆ ಪಕ್ಕದ್ಮನೆ ದನ ಬಿದ್ದಿರುತ್ತೆ, ಕೇಸ್ ಆಗೋದು ಬೇಲಿ ಕಟ್ಟಿದವನ ಮೇಲೆ. ಈ ಸ್ಕ್ರಿಪ್ಟೂ ಅಂಥದೇ.

ಇದನ್ನ ಪುಸ್ತಕ ಓದಿ ಹೇಳ್ತಿಲ್ಲ. ಹದಿನೈದು ವರ್ಷಕ್ಕಿಂತ ಹಿಂದಿನ ಮಾತು, ನಾನು ಆಗಷ್ಟೇ ಶಿವಮೊಗ್ಗ ದುರ್ಗಿಗುಡಿ ಹತ್ರ ಕಂಪ್ಯೂಟರ್ ಸರ್ವೀಸ್ ಶುರು ಮಾಡಿದ್ದೆ, ಒಂದು ಅಡಿಕೆ ಮಂಡಿಯವರ ಮೇಲ್ ಸರ್ವರ್ ನೋಡ್ಕೊಳ್ಳೋ ಕೆಲ್ಸ ನನ್ದೇ ಆಗಿತ್ತು. ಸ್ಪ್ಯಾಮ್ ಕಾಟ ತಡೀಲಾರ್ದೆ, ಬಂದಿದ್ದನ್ನ ಐವತ್ತು ಸಲ ತಿರುಗಿ ಕಳ್ಸೋ ಹಂಗೆ ಒಂದು ರೂಲ್ ಹಾಕ್ದೆ. ಮೂರನೇ ದಿನಕ್ಕೆ ಮಂಡಿಯವರು ಉತ್ತರ ಭಾರತದ ಖರೀದಿದಾರರಿಗೆ ಕಳ್ಸಿದ ರೇಟಿನ ಮೇಲ್ ಒಂದೂ ಹೋಗ್ತಿಲ್ಲ, ಎಲ್ಲಾ ರಿಜೆಕ್ಟ್. ನೋಡಿದ್ರೆ ನಮ್ಮ ಸರ್ವರಿನ ಐಪಿ ಅಡ್ರೆಸ್, ಅಂದ್ರೆ ಇಂಟರ್ನೆಟ್ಟಲ್ಲಿ ಅದ್ರ ಮನೆ ನಂಬರು, ಸ್ಪ್ಯಾಮ್ ಕಳ್ಸೋರ ಬ್ಲ್ಯಾಕ್‌ಲಿಸ್ಟಿಗೆ ಸೇರಿದೆ. ಸ್ಪ್ಯಾಮ್ ಟ್ರ್ಯಾಪ್ ಅಂತ ಇರುತ್ತೆ, ಯಾರೂ ಬಳಸದೇ ಇರೋ, ಬರೀ ಸ್ಪ್ಯಾಮ್ ಹಿಡಿಯೋಕೆ ಅಂತಲೇ ಇಟ್ಟಿರೋ ವಿಳಾಸಗಳು, ಸ್ಪ್ಯಾಮರ್ ಆ ವಿಳಾಸಗಳನ್ನೂ "ಇಂದ" ಜಾಗಕ್ಕೆ ಹಾಕಿದ್ದ, ನನ್ನ ರೂಲ್ ಅವಕ್ಕೂ ಐವತ್ತೈವತ್ತು ಕಳ್ಸಿತ್ತು. ಬ್ಲ್ಯಾಕ್‌ಲಿಸ್ಟ್ ನಡೆಸೋರ ಕಣ್ಣಿಗೆ ಸ್ಪ್ಯಾಮರ್ ಆಗಿದ್ದು ನಾನು. ಅದಕ್ಕಿಂತ ನನಗೆ ಇವತ್ತಿಗೂ ಚುಚ್ಚೋದು ಬೇರೆ, ಹೊರದೇಶದ ಒಂದು ಸಣ್ಣ ಶಾಲೆಯ ಆಫೀಸಿನ ಹೆಣ್ಣುಮಗಳು ಒಬ್ರು ಬರ್ದಿದ್ರು, ನನ್ನ ವಿಳಾಸ ಯಾರೋ ದುರುಪಯೋಗ ಮಾಡಿದಾರೆ, ದಯವಿಟ್ಟು ನಿಲ್ಸಿ, ನಮ್ಮ ಮಕ್ಕಳ ಪೋಷಕರ ಮೇಲ್ ಸಿಕ್ತಿಲ್ಲ ಅಂತ. ಮಂಡಿಯವರ ಐಪಿ ಲಿಸ್ಟಿಂದ ತೆಗೆಸೋಕೆ ಒಂದು ವಾರ ಹಿಡೀತು, ಅಡಿಕೆ ರೇಟು ದಿನಾ ಏರಿಳಿಯೋ ಟೈಮಲ್ಲಿ ಒಂದು ವಾರ.

ಸರಿ, ನಾನೊಬ್ಬ ಗೊತ್ತಿಲ್ದೆ ಮಾಡ್ದೆ, ದೊಡ್ಡ ಕಂಪನಿಗಳು ತಿಳ್ಕೊಂಡು ಮಾಡಿದ್ರೆ? ಅದೂ ಆಗಿದೆ. 2004ರ ಕೊನೇಲಿ ಲೈಕೋಸ್ ಯುರೋಪ್ ಅನ್ನೋ ಕಂಪನಿ ಒಂದು ಸ್ಕ್ರೀನ್‌ಸೇವರ್ ಬಿಡ್ತು, ನೀವು ಅದನ್ನ ಹಾಕ್ಕೊಂಡ್ರೆ ನಿಮ್ಮ ಕಂಪ್ಯೂಟರ್ ಸುಮ್ನೆ ಕೂತಿರುವಾಗ ಸ್ಪ್ಯಾಮರ್‌ಗಳ ವೆಬ್‌ಸೈಟಿಗೆ ಪದೇಪದೇ ರಿಕ್ವೆಸ್ಟ್ ಕಳ್ಸಿ ಅವ್ರ ಬ್ಯಾಂಡ್‌ವಿಡ್ತ್ ತಿನ್ನುತ್ತೆ. ಸಿಟ್ಟಿದ್ದ ಜನ ಮುಗಿಬಿದ್ದು ಡೌನ್‌ಲೋಡ್ ಮಾಡಿದ್ರು. ಏನಾಯ್ತು? ಗುರಿಯಾಗಿದ್ದ ಒಂದು ಸೈಟಿನವನು ಆ ಟ್ರಾಫಿಕ್ಕನ್ನೆಲ್ಲ ವಾಪಸ್ ಲೈಕೋಸ್ ಸೈಟಿನ ಕಡೆಗೇ ತಿರುಗಿಸ್ದ. ಭದ್ರತೆ ಬಲ್ಲೋರೆಲ್ಲ ಇದೂ ದಾಳಿನೇ ಅಂತ ಬೈದ್ರು, ಆ ಸ್ಕ್ರೀನ್‌ಸೇವರ್ ಹೆಸ್ರಲ್ಲೇ ವೈರಸ್ ಇರೋ ನಕಲಿ ಫೈಲ್ ಹರಿದಾಡಿದ್ವು, ಕೆಲವೇ ದಿನಕ್ಕೆ ಕಂಪನಿ ಅದನ್ನ ಹಿಂತೆಗೀತು.

ಅದಕ್ಕಿಂತ ಭಯಂಕರವಾಗಿದ್ದು ಬ್ಲೂ ಸೆಕ್ಯುರಿಟಿ ಕಥೆ. ಇಸ್ರೇಲಿನ ಕಂಪನಿ, ಬ್ಲೂ ಫ್ರಾಗ್ ಅಂತ ಒಂದು ಸಾಫ್ಟ್‌ವೇರ್ ಮಾಡಿದ್ರು, ಅದನ್ನ ಹಾಕ್ಕೊಂಡವರಿಗೆ ಒಂದು ಸ್ಪ್ಯಾಮ್ ಬಂದ್ರೆ ಆ ಸ್ಪ್ಯಾಮರಿನ ಮಾರಾಟದ ಸೈಟಿಗೆ "ನನ್ನನ್ನ ಲಿಸ್ಟಿಂದ ತೆಗಿ" ಅಂತ ಒಂದು ಕೋರಿಕೆ ಹೋಗುತ್ತೆ. ಒಂದಕ್ಕೆ ಒಂದೇ, ಜಾಸ್ತಿ ಇಲ್ಲ, ನ್ಯಾಯವಾಗೇ ಇದೆ ಅನ್ಸುತ್ತೆ ಅಲ್ವಾ? ಐದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ರಿಂದ ಎಲ್ಲಾ ಕೋರಿಕೆ ಒಟ್ಟಿಗೆ ಬಿದ್ದಾಗ ಸ್ಪ್ಯಾಮರ್‌ಗಳಿಗೆ ನಿಜವಾಗ್ಲೂ ಬಿಸಿ ಮುಟ್ತು. ಆಮೇಲೆ 2006ರ ಮೇ ತಿಂಗಳಲ್ಲಿ ಒಬ್ಬ ಸ್ಪ್ಯಾಮರ್ ತಿರುಗಿ ಬಿದ್ದ. ಮೊದ್ಲು ಮೆಂಬರ್‌ಗಳು ಯಾರ್‍ಯಾರು ಅಂತ ಪತ್ತೆ ಹಚ್ಚಿದ, ಅದು ಹೆಂಗೆ ಅಂದ್ರೆ ಮೆಂಬರ್‌ಗಳ ವಿಳಾಸ ತೆಗ್ಯೋಕೆ ಅಂತ ಕಂಪನಿನೇ ಸ್ಪ್ಯಾಮರ್‌ಗಳಿಗೆ ಕೊಟ್ಟಿದ್ದ ಟೂಲಲ್ಲಿ ತನ್ನ ಲಿಸ್ಟ್ ಹಾಕಿ, ಯಾವ್ಯಾವ ವಿಳಾಸ ಮಾಯ ಆಯ್ತು ಅಂತ ಹಳೇ ಲಿಸ್ಟಿಗೆ ಹೋಲ್ಸಿ ನೋಡಿದ ಅಷ್ಟೇ. ಆ ಜನಕ್ಕೆ ಬೆದರಿಕೆ ಮೇಲ್ ಹೋಯ್ತು, ಮೊದಲಿಗಿಂತ ಇಪ್ಪತ್ತರಿಂದ ನಲವತ್ತು ಪಟ್ಟು ಸ್ಪ್ಯಾಮ್ ಸುರೀತೀವಿ ಅಂತ. ಕಂಪನಿ ಸೈಟ್ ಮೇಲೆ ದೊಡ್ಡ ದಾಳಿ ಆಯ್ತು, ಅವ್ರು ತಮ್ಮ ವಿಳಾಸನ ಟೈಪ್‌ಪ್ಯಾಡ್ ಅನ್ನೋ ಬ್ಲಾಗ್ ತಾಣದಲ್ಲಿದ್ದ ತಮ್ಮ ಪುಟಕ್ಕೆ ತಿರುಗಿಸಿದ್ರು, ದಾಳಿ ಅಲ್ಲಿಗೂ ಹಿಂಬಾಲಿಸಿ ಟೈಪ್‌ಪ್ಯಾಡು, ಅದೇ ಕಂಪನಿಯ ಇನ್ನೊಂದು ಬ್ಲಾಗ್ ತಾಣ ಲೈವ್‌ಜರ್ನಲ್ಲು ಎರಡೂ ಮಲಗಿದ್ವು. ಇದಕ್ಕೂ ಅವ್ರಿಗೂ ಏನೂ ಸಂಬಂಧ ಇಲ್ದಿರೋ ಸಾವಿರಾರು ಜನರ ಬರಹ ಅವತ್ತು ತೆರೀಲಿಲ್ಲ. ಅದೇ ತಿಂಗಳು ಕಂಪನಿ ಕೈಚೆಲ್ತು, ಇದನ್ನ ಮುಂದುವರಿಸಿದ್ರೆ ಇನ್ನಷ್ಟು ಅಮಾಯಕರಿಗೆ ಪೆಟ್ಟು ಬೀಳುತ್ತೆ ಅಂತ ಸೇವೆ ನಿಲ್ಲಿಸಿದ್ರು.

ಈ ಕಥೆನ ಇಷ್ಟು ಉದ್ದ ಹೇಳಿದ್ದು ಯಾಕಂದ್ರೆ ಅದ್ರಲ್ಲಿ ಒಂದು ವಿಷ್ಯ ಇದೆ, ಜನ ಅದನ್ನ ಗಮನಿಸಲ್ಲ. ಆ ಕಂಪನಿ ಹತ್ರ ದುಡ್ಡಿತ್ತು, ಬುದ್ಧಿವಂತ ಎಂಜಿನಿಯರ್‌ಗಳಿದ್ರು, ಆದ್ರೂ ಸೋತ್ರು, ಯಾಕಂದ್ರೆ ಅವ್ರು ಎಲ್ಲಿದಾರೆ ಅಂತ ಎದುರಾಳಿಗೆ ಗೊತ್ತಿತ್ತು, ಎದುರಾಳಿ ಎಲ್ಲಿದಾನೆ ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ಈಗ ನಿಮ್ಮ ಪರಿಸ್ಥಿತಿ ನೋಡ್ಕೊಳ್ಳಿ ಅಕ್ಕ. ನಿಮ್ಮ ಮನೆ ಗೂಗಲ್ ಮ್ಯಾಪಲ್ಲಿದೆ, ಗೇಟಿನ ಫೋಟೋ ಸಮೇತ. ನಿಮ್ಮ ಫೋನ್ ನಂಬರ್ ವೆಬ್‌ಸೈಟಿನ ತಲೆ ಮೇಲೇ ಇದೆ, ವಾಟ್ಸಾಪ್ ಗುರುತಿನ ಜೊತೆ. ನಿಮ್ಮ ಊಟ ಚೆನ್ನಾಗಿತ್ತು ಅಂತ ಗೆಸ್ಟ್‌ಗಳು ಬರ್ದಿರೋ ರಿವ್ಯೂಗಳೇ ನಿಮ್ಮ ಬಂಡವಾಳ. ಅವನ ಕಡೆ ಕಳ್ಕೊಳ್ಳೋಕೆ ಏನಿದೆ? ಕದ್ದ ಮೆಷಿನ್, ಕದ್ದ ಹೆಸರು, ಒಂದು ವಾರಕ್ಕೆ ಎಸೆಯೋ ಡೊಮೈನು, ಅಂದ್ರೆ ವೆಬ್‌ಸೈಟ್ ಹೆಸರು. ಅವನು ಮನಸ್ಸು ಮಾಡಿದ್ರೆ ನಿಮ್ಮ ಹೋಂಸ್ಟೇಗೆ ಒಂದೇ ರಾತ್ರೀಲಿ ಐವತ್ತು ಒಂದು-ಸ್ಟಾರ್ ರಿವ್ಯೂ ಹಾಕಿಸ್ಬೋದು, ನಿಮ್ಮ ನಂಬರನ್ನ ಬೇಡದ ಜಾಗಗಳಲ್ಲಿ ಹಂಚ್ಬೋದು, ನಿಮ್ಮ ಹೆಸ್ರಲ್ಲೇ ನಿಮ್ಮ ಹಳೇ ಗೆಸ್ಟ್‌ಗಳಿಗೆ ಮೇಲ್ ಕಳ್ಸ್ಬೋದು. 1997ರಲ್ಲಿ ಅಮೆರಿಕದಲ್ಲಿ ಜೋ ಡಾಲ್ ಅನ್ನೋರು ಜನರಿಗೆ ಪುಟ್ಟ ವೆಬ್‌ಪೇಜ್ ಮಾಡ್ಕೊಳ್ಳೋಕೆ ಜಾಗ ಕೊಡೋ ಸೈಟ್ ನಡೆಸ್ತಿದ್ರು, ಸ್ಪ್ಯಾಮ್ ಮಾಡಿದ ಒಬ್ಬನ ಅಕೌಂಟ್ ಕಿತ್ತು ಹಾಕಿದ್ರು ಅಷ್ಟೇ, ಅವನು ಸೇಡಿಗೆ ಜೋ ಹೆಸ್ರಲ್ಲೇ ಊರೆಲ್ಲ ಸ್ಪ್ಯಾಮ್ ಕಳ್ಸ್ದ, ಸಿಟ್ಟಾದ ಜನ ಪಾಪ ಜೋ ಅವರ ಸೈಟ್ ಮೇಲೇ ಬಿದ್ರು. ಇವತ್ತಿಗೂ ಆ ಥರ ಸೇಡು ತೀರಿಸೋಕೆ ಜೋ ಜಾಬ್ ಅಂತಲೇ ಹೆಸರು.

ಇನ್ನೊಂದು ಥರ ಸೇಡಿದೆ, ಮೇಲ್ ಬಾಂಬಿಂಗ್, ನಿಮ್ಮ ವಿಳಾಸನ ಸಾವಿರಾರು ಸೈಟಿನ ನ್ಯೂಸ್‌ಲೆಟರಿಗೆ ಒಂದೇ ಗಂಟೇಲಿ ಸೇರಿಸಿಬಿಡ್ತಾರೆ, "ನೋಂದಾಯಿಸಿದ್ದಕ್ಕೆ ಧನ್ಯವಾದ" ಅಂತ ಮೇಲ್ ಮಳೆ ಸುರಿಯುತ್ತೆ. ಇದ್ರ ಬಗ್ಗೆ ಒಂದು ಮಾತು ಗಟ್ಟಿಯಾಗಿ ನೆನಪಿಟ್ಕೊಳ್ಳಿ, ಯಾವತ್ತಾದ್ರೂ ಹಂಗೆ ಇದ್ದಕ್ಕಿದ್ದಂಗೆ ನುಗ್ಗಿದ್ರೆ ಅದು ಬರೀ ಕಾಟ ಕೊಡೋಕೆ ಅಂತ ಅಂದ್ಕೊಳ್ಬೇಡಿ, ಬ್ಯಾಂಕಿಂದ ಬಂದ "ದುಡ್ಡು ಹೋಗಿದೆ" ಅನ್ನೋ ಒಂದು ಮೇಲನ್ನ ಆ ರಾಶಿ ಕೆಳಗೆ ಹೂತಿಡೋಕೂ ಹಂಗೆ ಮಾಡ್ತಾರೆ. ಆಗ ಮೊದ್ಲು ಬ್ಯಾಂಕ್ ಅಕೌಂಟ್ ತೆಗ್ದು ನೋಡಿ, ಆಮೇಲೆ ಮೇಲ್ ಕ್ಲೀನ್ ಮಾಡಿ.

ಸೇಡು ಸರಿಯಾದ ಮನೆಗೇ ತಲುಪಿದ ಒಂದು ಸಂದರ್ಭನೂ ಇದೆ, ಅದನ್ನೂ ಹೇಳ್ಬಿಡ್ತೀನಿ. ಅಮೆರಿಕದ ಮಿಷಿಗನ್‌ನ ಆಲನ್ ರಾಲ್ಸ್ಕಿ ದೊಡ್ಡ ಸ್ಪ್ಯಾಮರ್ ಅಂತ ಕುಖ್ಯಾತ, 2002ರಲ್ಲಿ ಪತ್ರಿಕೇಲಿ ಅವನ ಬಗ್ಗೆ ಬಂದಾಗ ಜನ ಅವನ ಮನೆ ವಿಳಾಸ ಹುಡುಕಿ ಸಿಕ್ಕಸಿಕ್ಕ ಕ್ಯಾಟಲಾಗು, ಜಾಹೀರಾತು ಪತ್ರಕ್ಕೆಲ್ಲ ಅವನ ಹೆಸ್ರು ಕೊಟ್ರು, ಮನೆಗೆ ರಾಶಿ ರಾಶಿ ಟಪಾಲು ಬಂದು ಬಿತ್ತು. ಓದೋಕೆ ಖುಷಿ ಆಗುತ್ತೆ. ಆದ್ರೆ ಅವನು ಸ್ಪ್ಯಾಮ್ ನಿಲ್ಲಿಸ್ಲಿಲ್ಲ, ಕೇಸ್ ಹಾಕ್ತೀನಿ ಅಂತ ಜನರನ್ನೇ ಹೆದರಿಸ್ದ. ಅವನನ್ನ ನಿಲ್ಲಿಸಿದ್ದು ತನಿಖೆ, ಸ್ಪ್ಯಾಮ್ ಮೂಲಕ ಷೇರು ಬೆಲೆ ಉಬ್ಬಿಸಿ ಮಾರಿದ ಮೋಸಕ್ಕೆ 2009ರಲ್ಲಿ ನಾಲ್ಕು ವರ್ಷಕ್ಕೂ ಮೇಲೆ ಜೈಲಾಯ್ತು. ಇನ್ನೊಂದು ಕಡೆ 2003ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಪ್ರೋಗ್ರಾಮರ್, ಸ್ಪ್ಯಾಮ್ ತಡ್ಕೊಳ್ಳಕ್ಕಾಗ್ದೆ ಅದ್ರ ಹಿಂದಿದೆ ಅಂತ ಅವನು ನಂಬಿದ್ದ ಕಂಪನಿಯವರಿಗೆ ಕೊಲ್ತೀನಿ ಅಂತ ಬರ್ದು ತಾನೇ ಅರೆಸ್ಟ್ ಆದ. ಅಂದ್ರೆ ಬೇಲಿ ಕರೆಂಟಿನ ಮಾತೇ ಮತ್ತೆ.

ನಮ್ಮಲ್ಲಿ ಕಾನೂನು ಹೆಂಗಿದೆ ಅಂದ್ರೆ, ಇಮೇಲ್ ಸ್ಪ್ಯಾಮಿಗೆ ಅಂತಲೇ ಒಂದು ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಐಟಿ ಕಾಯ್ದೆಯ 66ಎ ಸೆಕ್ಷನ್ನಲ್ಲಿ ಕಿರಿಕಿರಿ ಮಾಡೋ ಮೇಲ್ ಬಗ್ಗೆ ಒಂದು ಸಾಲಿತ್ತು, ಆದ್ರೆ ಆ ಸೆಕ್ಷನ್ನನ್ನೇ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡ್ತು, ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ, ಅದು ಸರಿಯಾದ ತೀರ್ಪೇ. ಆದ್ರೆ ನೀವು ತಿರುಗಿ ಹೊಡೆದ್ರೆ ಅದಕ್ಕೆ ಸೆಕ್ಷನ್ ಇದೆ. ಬೇರೆಯವರ ಕಂಪ್ಯೂಟರ್ ಕೆಲ್ಸ ಕೆಡಿಸೋದು, ಬಳಸೋಕೆ ಆಗ್ದಂಗೆ ಮಾಡೋದು ಐಟಿ ಕಾಯ್ದೆ ಸೆಕ್ಷನ್ 43ಕ್ಕೆ ಬರುತ್ತೆ, ಅದನ್ನ ಅಪ್ರಾಮಾಣಿಕವಾಗಿಯೋ ವಂಚನೆಯಿಂದಲೋ ಮಾಡಿದ್ರೆ ಸೆಕ್ಷನ್ 66ರಲ್ಲಿ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಅವನೇ ಮೊದ್ಲು ಶುರು ಮಾಡಿದ್ದು ಅನ್ನೋದನ್ನ ನಂಬ್ಕೊಂಡು ಕೂತ್ಕೊಳ್ಳೋ ಹಂಗಿಲ್ಲ, ಅದ್ರಲ್ಲೂ ಪೆಟ್ಟು ಬಿದ್ದಿದ್ದು ಯಾವ್ದೋ ಶಾಲೆ ಸರ್ವರಿಗೆ ಅಂತಾದ್ರೆ. ಇಂಜಿನಿಯರಿಂಗ್ ಓದ್ತಿರೋ ಹುಡುಗ, ನಾಳೆ ಕೆಲ್ಸಕ್ಕೆ ಹೋಗುವಾಗ ಹಿನ್ನೆಲೆ ವಿಚಾರಿಸ್ತಾರೆ, ಅವನಿಗೆ ಇದನ್ನ ನೀವೇ ಕೂರಿಸ್ಕೊಂಡು ಹೇಳ್ಬೇಕು. ಕೋರ್ಟ್‌ವರೆಗೆ ಹೋಗೋದು ಬೇಡ, ಅದಕ್ಕೆ ಮುಂಚೆನೇ ನಿಮ್ಮ ಮೇಲ್ ಕಂಪನಿ ಅಕೌಂಟ್ ಬಂದ್ ಮಾಡುತ್ತೆ, ಸಾಧಾರಣ ಜಿಮೇಲಲ್ಲಿ ದಿನಕ್ಕೆ 500 ಜನಕ್ಕಿಂತ ಹೆಚ್ಚಿಗೆ ಕಳ್ಸೋಕೇ ಬಿಡಲ್ಲ.

ಬೈದು ರಿಪ್ಲೈ ಮಾಡಿದ್ಮೇಲೆ ಜಾಸ್ತಿ ಆಯ್ತು ಅಂದ್ರಿ. ಅದೂ ಆಗೋದೇ. ಸ್ಪ್ಯಾಮರ್‌ಗಳ ಲಿಸ್ಟಲ್ಲಿ ಎಷ್ಟೋ ಸತ್ತ ವಿಳಾಸ ಇರುತ್ತೆ, ಯಾರಾದ್ರೂ ಉತ್ತರ ಕೊಟ್ರೆ ಇದು ಜೀವ ಇರೋ ವಿಳಾಸ, ಇಲ್ಲೊಬ್ರು ಕೂತು ಓದ್ತಾರೆ ಅಂತ ಗೊತ್ತಾಗಿ ಅದನ್ನ ಬೇರೆಯವರಿಗೆ ಜಾಸ್ತಿ ರೇಟಿಗೆ ಮಾರ್ತಾರೆ. ನಿಮ್ಮ ರಿಪ್ಲೈ ಕೆಳಗೆ ಸಿಗ್ನೇಚರ್ ಇದ್ಯಾ, ಹೆಸರು, ಫೋನ್ ನಂಬರ್, ಹೋಂಸ್ಟೇ ವಿಳಾಸ? ಹಂಗಿದ್ರೆ ಅದೂ ಹೋಗಿರುತ್ತೆ. ಮೇಲ್ ಒಳಗಿನ ಚಿತ್ರ ತೆರೆದ್ರೂ ಸುದ್ದಿ ಮುಟ್ಟುತ್ತೆ, ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಇಟ್ಟಿರ್ತಾರೆ, ಅದು ಲೋಡ್ ಆದ ತಕ್ಷಣ ಓದಿದ್ರು ಅಂತ ತಿಳಿಯುತ್ತೆ, ಹಂಗಾಗಿ ಸೆಟ್ಟಿಂಗ್ಸಲ್ಲಿ ಹೊರಗಿನ ಚಿತ್ರ ಕೇಳಿ ತೋರ್ಸು ಅನ್ನೋದನ್ನ ಆನ್ ಮಾಡಿ.

ಅನ್‌ಸಬ್‌ಸ್ಕ್ರೈಬ್ ಒತ್ಬೋದಾ ಅಂತ ನೀವು ಕೇಳಿಲ್ಲ, ಆದ್ರೆ ಎಲ್ರೂ ಕೇಳ್ತಾರೆ. ನೀವೇ ಒಂದು ಕಾಲದಲ್ಲಿ ವ್ಯವಹಾರ ಮಾಡಿದ, ಹೆಸರಿರೋ ಕಂಪನಿ ಆದ್ರೆ ಧಾರಾಳವಾಗಿ ಒತ್ತಿ. 2024ರಿಂದ ಜಿಮೇಲ್, ಯಾಹೂ ಎರಡೂ ರಾಶಿಗಟ್ಲೆ ಜಾಹೀರಾತು ಮೇಲ್ ಕಳ್ಸೋರಿಗೆ ಒಂದೇ ಕ್ಲಿಕ್ಕಲ್ಲಿ ಬಿಡಿಸ್ಕೊಳ್ಳೋ ವ್ಯವಸ್ಥೆ ಇಡ್ಲೇಬೇಕು ಅಂತ ನಿಯಮ ಮಾಡಿವೆ, ಮೇಲೆ ಕಳ್ಸಿದವರ ಹೆಸರಿನ ಪಕ್ಕದಲ್ಲೇ ಆ ಬಟನ್ ಕಾಣುತ್ತೆ, ಅದನ್ನ ಒತ್ತೋದು ಮೇಲ್ ಒಳಗಿನ ಲಿಂಕ್ ಒತ್ತೋದಕ್ಕಿಂತ ಒಳ್ಳೇದು. ಯಾರು ಅಂತಲೇ ಗೊತ್ತಿಲ್ದಿರೋ ಲೋನು, ಔಷಧಿ ಮೇಲಿನ ಲಿಂಕ್ ಮಾತ್ರ ಮುಟ್ಬೇಡಿ.

ಹಂಗಾದ್ರೆ ಸುಮ್ನೆ ಕೂತು ತಿನ್ನಿಸ್ಕೊಳ್ಳೋದಾ? ಖಂಡಿತ ಅಲ್ಲ, ಕುರುಡಾಗಿ ಹೊಡೀಬೇಡಿ ಅಂತಷ್ಟೇ ನಾನು ಹೇಳ್ತಿರೋದು. ಸ್ಪ್ಯಾಮರ್‌ಗೆ ಎಲ್ಲಿ ನೋವಾಗುತ್ತೆ ಅಂತ ಕೂತು ಲೆಕ್ಕ ಹಾಕಿದೋರು ಇದಾರೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸಂಶೋಧಕರು 2008ರಲ್ಲಿ ಸ್ಟಾರ್ಮ್ ಅನ್ನೋ ಬಾಟ್‌ನೆಟ್ (ವೈರಸ್ ಹಾಕಿ ದೂರದಿಂದ ಒಬ್ಬನೇ ಆಡಿಸೋ ಕಂಪ್ಯೂಟರ್‌ಗಳ ದಂಡು) ಒಳಗೆ ಹೊಕ್ಕು ನೋಡಿದ್ರು, ಔಷಧಿ ಮಾರೋ ಸುಮಾರು 35 ಕೋಟಿ ಸ್ಪ್ಯಾಮ್ ಹೋಗಿದ್ದಕ್ಕೆ ಸಿಕ್ಕಿದ್ದು ಬರೀ 28 ಗಿರಾಕಿ. ಅಂದ್ರೆ ಕಳ್ಸೋದು ಅವ್ರಿಗೆ ಬಿಟ್ಟಿ, ನೀವು ಸಾವಿರ ವಾಪಸ್ ಕಳ್ಸಿದ್ರೂ ಲಕ್ಷ ಕಳ್ಸಿದ್ರೂ ಅವ್ರ ಲೆಕ್ಕದಲ್ಲಿ ಅದು ಸೊನ್ನೆ. 2011ರಲ್ಲಿ ಅದೇ ಬಳಗ ಇನ್ನೊಂದು ಕೆಲ್ಸ ಮಾಡ್ತು, ಸ್ಪ್ಯಾಮಲ್ಲಿ ಬಂದ ವಸ್ತುಗಳನ್ನ ತಾವೇ ಕೊಂಡು ದುಡ್ಡು ಯಾವ ಬ್ಯಾಂಕಿಗೆ ಹೋಗುತ್ತೆ ಅಂತ ಬೆನ್ನು ಹತ್ತಿದ್ರು, ಔಷಧಿ, ನಕಲಿ ವಾಚು, ಸಾಫ್ಟ್‌ವೇರ್ ಸ್ಪ್ಯಾಮುಗಳ ಪೈಕಿ 95 ಪರ್ಸೆಂಟಿನ ದುಡ್ಡು ಬರೀ ಮೂರು ಬ್ಯಾಂಕ್ ಮೂಲಕ ಹೋಗ್ತಿತ್ತು! ಕಂಪ್ಯೂಟರ್ ಲಕ್ಷ ಸಿಗುತ್ತೆ ಅವ್ರಿಗೆ, ದುಡ್ಡು ತಗೊಳ್ಳೋ ಬ್ಯಾಂಕ್ ಸಿಗಲ್ಲ. ಆಮೇಲೆ ಅಸಲಿ ಕಂಪನಿಗಳು ಕಾರ್ಡ್ ಸಂಸ್ಥೆಗಳಿಗೆ ದೂರು ಕೊಟ್ಟು ಆ ಅಕೌಂಟ್ ಮುಚ್ಚಿಸೋಕೆ ಶುರು ಮಾಡಿದ ಮೇಲೆ ಅವ್ರಲ್ಲಿ ಎಷ್ಟೋ ಜನ ಅಂಗಡಿ ಮುಚ್ಕೊಂಡು ಹೋದ್ರು.

2008ರ ನವೆಂಬರಲ್ಲಿ ಇನ್ನೂ ದೊಡ್ಡದು ಆಯ್ತು. ಕ್ಯಾಲಿಫೋರ್ನಿಯಾದ ಮೆಕೋಲೋ ಅನ್ನೋ ಒಂದು ಹೋಸ್ಟಿಂಗ್ ಕಂಪನಿಯಲ್ಲಿ ಬಾಟ್‌ನೆಟ್‌ಗಳ ಕಂಟ್ರೋಲ್ ಸರ್ವರ್‌ಗಳು ಕೂತಿದ್ವು. ವಾಷಿಂಗ್ಟನ್ ಪೋಸ್ಟ್ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಪುರಾವೆ ಜೋಡಿಸಿ ಮೆಕೋಲೋಗೆ ಇಂಟರ್ನೆಟ್ ಕೊಡ್ತಿದ್ದ ಕಂಪನಿಗಳ ಮುಂದೆ ಇಟ್ರು, ಅವ್ರು ಲೈನ್ ಕಿತ್ರು, ಹೆಚ್ಚುಕಮ್ಮಿ ಒಂದೇ ದಿನಕ್ಕೆ ಪ್ರಪಂಚದ ಸ್ಪ್ಯಾಮ್ ಅರ್ಧಕ್ಕಿಂತ ಕೆಳಗೆ ಬಿತ್ತು. ತಿಂಗಳುಗಳ ಮೇಲೆ ಮತ್ತೆ ಏರಿತು ನಿಜ, ಆದ್ರೆ ಯಾರೂ ಯಾರ ಸರ್ವರಿಗೂ ಕಲ್ಲು ಹೊಡೀಲಿಲ್ಲ, ಪುರಾವೆ ಸರಿಯಾದ ಬಾಗಿಲಿಗೆ ತಲುಪ್ತು ಅಷ್ಟೇ. ನಿಮ್ಮ ಒಂದು ದೂರಿಂದ ಅಷ್ಟಾಗಲ್ಲ, ಆದ್ರೆ ದಾರಿ ಅದೇ, ಮತ್ತೆ ಅದು ನಿಮ್ಮ ಭಾವನ ಮಗನಿಗೆ ಸ್ಕ್ರಿಪ್ಟಿಗಿಂತ ಒಳ್ಳೇ ಕೆಲ್ಸ.

ಅವನು ಮಾಡ್ಬೇಕಾಗಿರೋದು ಇಷ್ಟು. ಜಿಮೇಲಲ್ಲಿ ಮೂರು ಚುಕ್ಕಿ ಒತ್ತಿದ್ರೆ "ಶೋ ಒರಿಜಿನಲ್" ಅಂತ ಬರುತ್ತೆ, ಬೇರೆ ಕಡೆನೂ ಇಂಥದೇ ಇರುತ್ತೆ. ಅಲ್ಲಿ "ರಿಸೀವ್ಡ್" ಅಂತ ಶುರುವಾಗೋ ಸಾಲುಗಳು ಟಪಾಲಿನ ಮುದ್ರೆ ಇದ್ದ ಹಂಗೆ, ಯಾವ್ಯಾವ ಆಫೀಸ್ ದಾಟಿ ಬಂತು ಅಂತ ಹೇಳುತ್ತೆ. ಕೆಳಗಿನ ಸಾಲುಗಳನ್ನ ಸ್ಪ್ಯಾಮರ್ ಸುಳ್ಳು ಬರ್ದಿರ್ಬೋದು, ನಿಮ್ಮ ಸ್ವಂತ ಮೇಲ್ ಸರ್ವರ್ ಬರ್ದಿರೋ ಸಾಲನ್ನ ಮಾತ್ರ ಪೂರ್ತಿ ನಂಬ್ಬೋದು, ಅದ್ರಲ್ಲಿ ಯಾವ ಐಪಿಯಿಂದ ಕೈಗೆ ಬಂತು ಅಂತ ಇರುತ್ತೆ. ಆ ಐಪಿ ಯಾವ ನೆಟ್‌ವರ್ಕಿಂದು ಅಂತ ಹೂಈಸ್‌ನಲ್ಲಿ (Whois, ಯಾವ ಐಪಿ ಯಾರದ್ದು ಅಂತ ತೋರಿಸೋ ಆನ್‌ಲೈನ್ ಪಟ್ಟಿ) ಹುಡುಕಿದ್ರೆ ಅವ್ರ ದೂರು ವಿಳಾಸ ಸಿಗುತ್ತೆ, "ಅಬ್ಯೂಸ್" ಅಂತ ಶುರುವಾಗಿರುತ್ತೆ ಸಾಮಾನ್ಯವಾಗಿ, ಪೂರ್ತಿ ಒರಿಜಿನಲ್ ಜೊತೆ ಅಲ್ಲಿಗೆ ಎರಡೇ ಸಾಲಿನ ಸೌಜನ್ಯದ ದೂರು ಕಳ್ಸ್ಬೇಕು. ಬೈಗುಳ ಬೇಡ, ಅಲ್ಲಿ ಓದೋನು ಸ್ಪ್ಯಾಮರ್ ಅಲ್ಲ, ಎಷ್ಟೋ ಸಲ ಅವನ ಗಿರಾಕಿ ಮೆಷಿನ್ ಹ್ಯಾಕ್ ಆಗಿರೋದು ನಿಮ್ಮ ದೂರಿಂದಲೇ ಅವನಿಗೆ ಗೊತ್ತಾಗುತ್ತೆ. ಇದೆಲ್ಲ ಕೈಯಲ್ಲಿ ಮಾಡೋಕೆ ಬೇಜಾರಾದ್ರೆ ಸ್ಪ್ಯಾಮ್‌ಕಾಪ್ ಅಂತ ಒಂದು ಹಳೇ ಸೇವೆ ಇದೆ, ಒರಿಜಿನಲ್ ಅಂಟಿಸಿದ್ರೆ ಅದೇ ಪತ್ತೆ ಹಚ್ಚಿ ದೂರು ತಯಾರು ಮಾಡಿ ಕೊಡುತ್ತೆ. ದೂರು ಕೊಡೋವಾಗ ನಿಮ್ಮ ಹೋಂಸ್ಟೇ ವಿಳಾಸ ಬಳಸ್ಬೇಡಿ, ಅದಕ್ಕೇ ಅಂತ ಒಂದು ಬೇರೆ ಮೇಲ್ ಮಾಡ್ಕೊಳ್ಳಿ, ಕೆಲವು ಹೋಸ್ಟಿಂಗಿನವರು ದೂರನ್ನ ಹಂಗೇ ಗಿರಾಕಿಗೆ ದಾಟಿಸ್ತಾರೆ.

ಎಲ್ಲಕ್ಕೂ ಮೊದ್ಲು, "ರಿಪೋರ್ಟ್ ಸ್ಪ್ಯಾಮ್" ಒತ್ತೋದನ್ನ ಹಗುರಾಗಿ ನೋಡ್ಬೇಡಿ. ಬರೀ ಡಿಲೀಟ್ ಮಾಡಿದ್ರೆ ಯಾರಿಗೂ ಏನೂ ತಿಳಿಯಲ್ಲ, ರಿಪೋರ್ಟ್ ಒತ್ತಿದ್ರೆ ಆ ಕಳ್ಸೋನ ಮಾರ್ಕ್ಸ್ ಕಮ್ಮಿ ಆಗುತ್ತೆ, ಮುಂದೆ ಅವನ ಮೇಲ್ ಯಾರ ಇನ್‌ಬಾಕ್ಸಿಗೂ ಹೋಗೋದು ಕಷ್ಟ ಆಗುತ್ತೆ. ನಿಮ್ಮ ಕೈಲಿರೋ ಅತಿ ದೊಡ್ಡ ಹೊಡೆತ ಅದೇ, ವಾಪಸ್ ಬರದೇ ಇರೋ ಹೊಡೆತನೂ ಅದೇ.

ಹೋಂಸ್ಟೇಯವರಿಗೆ ಅಂತಲೇ ಬರೋ ಒಂದು ಮೋಸ ಇದೆ, ಅದ್ರಲ್ಲಿ ಆಟ ಆಡಿಸೋಕೆ ಹೋಗ್ಬೇಡಿ ಅಂತ ಬೇರೆಯಾಗೇ ಹೇಳ್ಬೇಕು. ವಿದೇಶದಿಂದ ಹನ್ನೆರಡು ಜನ ಹತ್ತು ದಿನಕ್ಕೆ ಬರ್ತೀವಿ, ಕಾರ್ಡಲ್ಲಿ ಪೂರ್ತಿ ದುಡ್ಡು ಜೊತೆಗೆ ಒಂದಿಷ್ಟು ಹೆಚ್ಚಿಗೆ ಹಾಕ್ತೀವಿ, ಹೆಚ್ಚಿನದ್ದನ್ನ ನಮ್ಮ ಟ್ರಾವೆಲ್ ಏಜೆಂಟಿಗೆ ಕಳ್ಸಿಬಿಡಿ ಅಂತ ಬರ್ದಿರ್ತಾರೆ. ಕಾರ್ಡ್ ಕದ್ದಿದ್ದು, ನೀವು ಏಜೆಂಟಿಗೆ ಕಳ್ಸಿದ್ದು ಹೋಯ್ತು, ಆಮೇಲೆ ಬ್ಯಾಂಕ್ ಪೂರ್ತಿ ದುಡ್ಡು ವಾಪಸ್ ಕೇಳುತ್ತೆ. ಗೊತ್ತಾದ್ಮೇಲೆ ಹುಡುಗ್ರು ಅವನನ್ನ ವಾರಗಟ್ಲೆ ಮಾತಾಡಿಸಿ ಟೈಮ್ ಹಾಳು ಮಾಡೋಣ ಅಂತಾರೆ. ನ್ಯೂಜಿಲೆಂಡಿನ ನೆಟ್‌ಸೇಫ್ ಅನ್ನೋ ಸಂಸ್ಥೆ 2017ರಲ್ಲಿ ಇದಕ್ಕೆ ಅಂತಲೇ ಮೋಸಗಾರರ ಜೊತೆ ತಾನೇ ಮಾತಾಡೋ ಒಂದು ಬಾಟ್ ಮಾಡಿತ್ತು, ಆದ್ರೆ ಅಲ್ಲಿ ಮಾತಾಡ್ತಿದ್ದಿದ್ದು ಮೆಷಿನ್, ಹೆಸರೂ ಸುಳ್ಳು, ವಿಳಾಸನೂ ಬೇರೆ. ನೀವು ಮಾಡಿದ್ರೆ ನಿಮ್ಮ ಮನೆ ಹೆಸ್ರಲ್ಲಿ, ನಿಮ್ಮ ಮನೆ ವಿಳಾಸದಿಂದ ಮಾಡ್ಬೇಕಾಗುತ್ತೆ. ಇನ್ನೊಂದು ನನ್ನ ಮನಸ್ಸಿಗೆ ಬಂದಿದ್ದು, ಕಾಂಬೋಡಿಯಾ, ಮ್ಯಾನ್ಮಾರ್ ಕಡೆ ಕೆಲ್ಸದ ಆಸೆ ತೋರ್ಸಿ ಕರ್ಕೊಂಡು ಹೋಗಿ ಕೂಡಿಹಾಕಿ ಆನ್‌ಲೈನ್ ಮೋಸ ಮಾಡಿಸ್ತಿದ್ದ ಜಾಗಗಳಿಂದ ನಮ್ಮ ದೇಶದ ಹುಡುಗ್ರನ್ನೂ ಬಿಡಿಸ್ಕೊಂಡು ಬಂದಿದಾರೆ, ಆ ಕಡೆ ಟೈಪ್ ಮಾಡ್ತಿರೋನು ಯಾವ ಗತೀಲಿದಾನೋ ನಮಗೆ ಗೊತ್ತಿಲ್ಲ, ಬೈಗುಳ ತಲುಪೋದು ಅವನಿಗೆ, ಅವನ ಯಜಮಾನನಿಗಲ್ಲ.

ದುಡ್ಡು ಹೋಗಿದ್ರೆ ಮಾತ್ರ ಒಂದು ನಿಮಿಷನೂ ಕಾಯ್ಬೇಡಿ, 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ಮುಂದಿನ ಅಕೌಂಟಿಗೆ ದಾಟೋ ಮುಂಚೆ ತಡಿಯೋ ಸಾಧ್ಯತೆ ಜಾಸ್ತಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್ಲಲ್ಲೂ ದಾಖಲಿಸಿ, ಶಿವಮೊಗ್ಗದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧದ) ಪೊಲೀಸ್ ಠಾಣೆ ಇದೆ, ಮೇಲನ್ನ ಡಿಲೀಟ್ ಮಾಡ್ದೆ ಒರಿಜಿನಲ್ ಸಮೇತ ತಗೊಂಡು ಹೋಗಿ. ಸ್ಕ್ರೀನ್‌ಶಾಟ್ ಒಂದೇ ಸಾಲಲ್ಲ.

ಈಗ ನಿಮ್ಮ ಮನೆ ರಿಪೇರಿ. ವಾಪಸ್ ಬರ್ತಿರೋ ಮೇಲಿಗೆ ಮದ್ದು ಮೂರು, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಹೆಸರಿಗೆ ಹೆದರ್ಬೇಡಿ, ಡೊಮೈನ್ ಎಲ್ಲಿ ತಗೊಂಡಿದೀರೋ ಅಲ್ಲಿ ಡಿಎನ್‌ಎಸ್ ಅನ್ನೋ ಸೆಟ್ಟಿಂಗ್ಸ್ ಪುಟದಲ್ಲಿ ಹಾಕೋ ಮೂರು ಸಾಲು. ಮೊದಲ್ನೇದು ನನ್ನ ಹೆಸ್ರಲ್ಲಿ ಮೇಲ್ ಕಳ್ಸೋ ಅಧಿಕಾರ ಯಾವ ಸರ್ವರಿಗೆ ಅಂತ ಹೇಳುತ್ತೆ, ಎರಡ್ನೇದು ಪ್ರತಿ ಮೇಲಿಗೆ ಸೀಲು ಒತ್ತುತ್ತೆ, ಮೂರನೇದು ಸೀಲಿಲ್ದೆ ಬಂದಿದ್ದನ್ನ ಏನ್ ಮಾಡ್ಬೇಕು ಅಂತ ಪ್ರಪಂಚಕ್ಕೆ ತಿಳಿಸುತ್ತೆ. ಡಿಮಾರ್ಕನ್ನ ಒಂದೇ ಸಲ "ರಿಜೆಕ್ಟ್"ಗೆ ಇಡ್ಬೇಡಿ, ಮೊದ್ಲು "ನನ್" (none, ಏನೂ ಮಾಡ್ಬೇಡ) ಅಂತಿಟ್ಟು ಎರಡು ವಾರ ರಿಪೋರ್ಟ್ ನೋಡಿ, ನಿಮ್ಮ ಬುಕಿಂಗ್ ಸಾಫ್ಟ್‌ವೇರಿಂದ ಹೋಗೋ ಮೇಲೂ ಸರಿಯಾಗಿ ಪಾಸ್ ಆಗ್ತಿದೆ ಅಂತ ಖಾತ್ರಿ ಆದ್ಮೇಲೆ "ಕ್ವಾರಂಟೈನ್" (ಸ್ಪ್ಯಾಮ್ ಡಬ್ಬಿಗೆ ಹಾಕು), ಆಮೇಲೆ "ರಿಜೆಕ್ಟ್". ಇಲ್ಲಾಂದ್ರೆ ನಿಮ್ಮ ಗೆಸ್ಟ್‌ಗೆ ನೀವೇ ಕಳ್ಸಿದ ಕನ್ಫರ್ಮೇಶನ್ ತಲುಪಲ್ಲ.

ವೆಬ್‌ಸೈಟಲ್ಲಿ ಮೇಲ್ ವಿಳಾಸನ ಹಂಗೇ ಅಕ್ಷರದಲ್ಲಿ ಬರ್ದಿದ್ರೆ ತೆಗೀರಿ, ಅದನ್ನ ಹೆಕ್ಕೋಕೆ ಅಂತಲೇ ದಿನಾ ಪ್ರೋಗ್ರಾಂಗಳು ಓಡಾಡ್ತಾವೆ. ಅದ್ರ ಬದಲು ಒಂದು ಫಾರಂ ಇಡಿ, ಫಾರಂನಲ್ಲಿ ಮನುಷ್ಯರ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಇಡೋಕೆ ಹುಡುಗನಿಗೆ ಹೇಳಿ, ಬಾಟ್ ಅದನ್ನೂ ತುಂಬುತ್ತೆ, ತುಂಬಿದ್ದನ್ನೆಲ್ಲ ಎಸೆದ್ರಾಯ್ತು. ಹೋಸ್ಟಿಂಗಲ್ಲಿ ಕ್ಯಾಚ್-ಆಲ್ ಆನ್ ಇದ್ರೆ ಆಫ್ ಮಾಡಿ, ಅದು ಇದ್ರೆ ನಿಮ್ಮ ಡೊಮೈನಿನ ಯಾವ ಸುಳ್ಳು ಹೆಸರಿಗೆ ಬಂದಿದ್ದೂ ನಿಮ್ಮ ಇನ್‌ಬಾಕ್ಸಿಗೇ ಬೀಳುತ್ತೆ, ದಿನಕ್ಕೆ ಇನ್ನೂರರಲ್ಲಿ ಅರ್ಧ ಅದ್ರದ್ದೇ ಇದ್ರೂ ಆಶ್ಚರ್ಯ ಇಲ್ಲ. ಬುಕಿಂಗಿಗೆ ಮಾತ್ರ ಒಂದು ಹೊಸ ವಿಳಾಸ ಮಾಡಿ, ಅದನ್ನ ಫಾ‌ರಂ ಹಿಂದೆ ಮಾತ್ರ ಇಡಿ, ಎಲ್ಲೂ ಬರೀಬೇಡಿ, ಹಳೇದನ್ನ ದಿನಕ್ಕೊಂದು ಸಲ ಸಂಜೆ ನೋಡಿದ್ರೆ ಸಾಕು.

ಬ್ಯಾಕ್‌ಸ್ಕ್ಯಾಟರ್ ಸಾಮಾನ್ಯವಾಗಿ ಕೆಲವು ದಿನದಲ್ಲಿ ತಾನಾಗೇ ಇಳಿಯುತ್ತೆ, ಆ ಸ್ಪ್ಯಾಮರ್ ಇನ್ನೊಬ್ರ ಹೆಸರಿಗೆ ಹೋಗ್ತಾನೆ. ಎರಡು ವಾರ ಆದ್ರೂ ಇಳೀಲಿಲ್ಲ ಅಂದ್ರೆ ವಾಪಸ್ ಬಂದಿದ್ದ್ರಲ್ಲಿ ಒಂದ್ರ ಒರಿಜಿನಲ್ ಇಟ್ಕೊಂಡು ಮತ್ತೆ ಬರೀರಿ, ಯಾಕಂದ್ರೆ ಆಗ ಹೆಸರು ಮಾತ್ರ ನಿಮ್ದಾ ಅಥವಾ ನಿಮ್ಮ ಸೈಟಿಂದಲೇ ನಿಜವಾಗ್ಲೂ ಹೋಗ್ತಿದ್ಯಾ ಅಂತ ನೋಡ್ಬೇಕಾಗುತ್ತೆ. ಅಲ್ಲಿವರೆಗೆ ಮೇಲ್ ಪಾಸ್‌ವರ್ಡೂ ವೆಬ್‌ಸೈಟ್ ಅಡ್ಮಿನ್ ಪಾಸ್‌ವರ್ಡೂ ಇವತ್ತೇ ಬದಲಾಯಿಸಿ, ಎರಡೂ ಬೇರೆ ಬೇರೆ ಇರ್ಲಿ.